ಗುರುವಾರದ ಖಾಲಿ ಚೌಕ

"ತಂಗಿಗೆ ಅಡ್ಮಿಷನ್ನಾ, ತಮ್ಮಂಗಾ?"

ಕಿಟಕಿಯ ಆಚೆ ಕೂತಿದ್ದ ಮನುಷ್ಯ ತಲೆ ಎತ್ತದೆ ಕೇಳಿದ ಮಾತು ಅದು. ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತು ನನ್ನ ಕಾಲು ಸೋತಿತ್ತು. ಹಿಂದೆ ಮುಂದೆ ಎಲ್ಲಾ ಹದಿನೆಂಟರ ಮಕ್ಕಳು. ಅದರಲ್ಲೊಬ್ಬಳು ಆಗಲೇ ಎರಡು ಸಲ ನನ್ನನ್ನ "ಆಂಟಿ" ಅಂದಿದ್ದಳು. ಅದನ್ನ ನುಂಗಿಕೊಂಡಿದ್ದೆ. ಇದನ್ನ ನುಂಗೋಕೆ ಆಗಲಿಲ್ಲ.

"ತಂಗಿ ಇಲ್ಲ, ತಮ್ಮ ಇಲ್ಲ. ಇರೋದೊಬ್ಬ ಅಣ್ಣ, ಅವನಿಗೆ ಓದು ಅಂದ್ರೆ ಚಳಿಜ್ವರ. ಅಡ್ಮಿಷನ್ ನನಗೆ. ಏನು, ಮೂವತ್ತೊಂದು ವರ್ಷದವರಿಗೆ ಬಾಗಿಲು ಹಾಕಿದ್ದೀರಾ?"

ಆಗ ತಲೆ ಎತ್ತಿದ. ತೆಳ್ಳಗೆ, ಉದ್ದಕ್ಕೆ, ಕಿವಿಯ ಮೇಲೊಂದು ಪೆನ್ಸಿಲ್, ಕೈಯಲ್ಲಿ ಇನ್ನೊಂದು. ನನ್ನ ಮುಖ ನೋಡಿದ ಕೂಡಲೇ ಕಿವಿ ಎರಡೂ ಕೆಂಪಾದವು. "ತಪ್ಪಾಯ್ತು. ಬಾಗಿಲು ತೆಗ್ದೇ ಇದೆ. ಬನ್ನಿ, ಒಳಗೆ ಬಂದು ಕೂತ್ಕೊಳ್ಳಿ."

ಆ ಕ್ಷಣವೇ ಅವನಿಗೆ ಪೆನ್ಸಿಲ್ ಅಂತ ಹೆಸರಿಟ್ಟೆ. ಎದುರಿಗೆ "ನೀವು, ತಾವು". ಒಳಗೊಳಗೆ "ಅವನು". ಮನಸ್ಸಿನೊಳಗೂ ಮರ್ಯಾದೆ ಕೊಟ್ಟುಕೊಂಡು ಕೂರೋ ಅಭ್ಯಾಸ ನನಗಿಲ್ಲ.

ರಾಜ್ಯಶಾಸ್ತ್ರ ವಿಭಾಗದ ಆಫೀಸು ಅದು. ಪೆನ್ಸಿಲ್ ಅಲ್ಲಿಯ ಗುಮಾಸ್ತ. ಇಡೀ ವಿಭಾಗದ ಟೈಮ್‌ಟೇಬಲ್ ಹಾಕೋನು ಅವನೇ, ಹೊಸದಾಗಿ ಸೇರಿದವರಿಗೆ ಮೂರು ವರ್ಷ ಯಾವಾಗ ಏನು ಓದಬೇಕು ಅಂತ ಪ್ಲಾನ್ ಬರೆದುಕೊಡೋನೂ ಅವನೇ. ಟೇಬಲ್ಲಿನ ಮೇಲೆ ಒಂದು ದೊಡ್ಡ ಹಾಳೆ ಹಾಸಿದ. ಆರು ಸೆಮಿಸ್ಟರ್‌ಗೆ ಆರು ಪಟ್ಟಿ, ಪಟ್ಟಿಯ ತುಂಬಾ ಚೌಕಗಳು, ದಿನಕ್ಕೊಂದು ಸಾಲು, ಗಂಟೆಗೊಂದು ಚೌಕ.

"ಪೆನ್ನಲ್ಲಿ ಯಾಕೆ ಬರೆಯಲ್ಲ?" ಅಂತ ಕೇಳಿದೆ.

"ಪೆನ್ನಲ್ಲಿ ಬರೆದ್ರೆ ಅದು ಆರ್ಡರ್ ಆಗುತ್ತೆ. ಪ್ಲಾನ್ ಅಂದ್ರೆ ಪೆನ್ಸಿಲ್ಲೇ." ಆಮೇಲೆ ಮೆಲ್ಲಗೆ, "ಈಗ ಹೇಳಿ. ರಾಜ್ಯಶಾಸ್ತ್ರವೇ ಯಾಕೆ?"

ಅದನ್ನ ಅಲ್ಲೀವರೆಗೆ ಯಾರೂ ನನ್ನ ಕೇಳಿರಲಿಲ್ಲ. ಮನೆಯಲ್ಲಿ ಎಲ್ಲರೂ "ಈ ವಯಸ್ಸಲ್ಲಿ ಯಾಕೆ" ಅಂತ ಮಾತ್ರ ಕೇಳಿದ್ದರು.

"ನಾನು ಬಸ್ ಡಿಪೋದಲ್ಲಿ ಕೆಲಸ ಮಾಡೋದು. ಅಲ್ಲಿ ಹೆಂಗಸರಿಗೆ ಅಂತ ಒಂದು ವಿಶ್ರಾಂತಿ ಕೋಣೆ ಇತ್ತು. ಒಂದು ದಿನ ಹೋಗಿ ನೋಡಿದ್ರೆ ಬಾಗಿಲಿಗೆ ಬೀಗ, ಒಳಗೆ ಹಳೇ ಟೈರು. ಕೇಳಿದೆ. 'ಕಮಿಟಿ ತೀರ್ಮಾನ' ಅಂದ್ರು. ಕಮಿಟೀಲಿ ಯಾರಿದ್ದಾರೆ? ಗೊತ್ತಿಲ್ಲ. ಅವರನ್ನ ಆರಿಸಿದ್ದು ಯಾರು? ಗೊತ್ತಿಲ್ಲ. ನಮ್ಮನ್ನ ಒಂದು ಮಾತು ಯಾಕೆ ಕೇಳ್ಲಿಲ್ಲ? ಅದಂತೂ ಯಾರಿಗೂ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋಣ ಅಂತ ಬಂದೆ."

ಪೆನ್ಸಿಲ್ ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟ. "ಹನ್ನೊಂದು ವರ್ಷದಿಂದ ಈ ಕಿಟಕೀಲಿ ಕೂತಿದ್ದೀನಿ. ಜಾಸ್ತಿ ಜನ ಬರೋದು ಬೇರೆ ಕಡೆ ಸೀಟು ಸಿಗ್ಲಿಲ್ಲ ಅಂತ. ಇಷ್ಟು ಸರಿಯಾದ ಕಾರಣ ಇಟ್ಕೊಂಡು ಬಂದವರು ನೀವೇ ಮೊದಲು."

ಹೊಗಳಿದರೆ ನಾನು ಕರಗುವವಳಲ್ಲ. ಆದರೂ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತೆ.

"ನನ್ನದೊಂದು ಕಂಡೀಷನ್ ಇದೆ," ಅಂದೆ. "ಎರಡು ಗಂಟೆಗೆ ನನಗೆ ಡ್ಯೂಟಿ, ಒಂದಕ್ಕೆ ಇಲ್ಲಿಂದ ಬಿಡ್ಬೇಕು. ಮ್ಯಾನೇಜರ್ ಸಾಹೇಬ್ರು ಮಧ್ಯಾಹ್ನದ ಶಿಫ್ಟ್ ಕೊಟ್ಟಿರೋದು ಮೂರೇ ಮೂರು ವರ್ಷಕ್ಕೆ. ನಾಲ್ಕನೇ ವರ್ಷ ಅಂತ ಏನಾದ್ರೂ ಬಂದ್ರೆ ನನ್ನ ಓದು ಅಲ್ಲಿಗೇ ಮುಗೀತು."

"ಬರಲ್ಲ," ಅಂದ. "ನಾನಿದ್ದೀನಲ್ಲ."

ಆಮೇಲೆ ಒಂದೊಂದೇ ಚೌಕ ತುಂಬುತ್ತಾ ಹೋದ. ಮೊದಲು ರಾಜಕೀಯ ಚಿಂತನೆ ಮತ್ತು ಸಂವಿಧಾನ, ಅವು ಅಡಿಪಾಯ. ಮುಂದೆ ತುಲನಾತ್ಮಕ ರಾಜಕಾರಣ, ಅಂತರರಾಷ್ಟ್ರೀಯ ಸಂಬಂಧ. ನನಗೆ ಬೇಕಿದ್ದ ಸ್ಥಳೀಯ ಆಡಳಿತ ನಾಲ್ಕನೇ ಸೆಮಿಸ್ಟರ್‌ನಲ್ಲಿ. ಕೊನೇ ವರ್ಷ ಪೂರ್ತಿ ಪ್ರಾಜೆಕ್ಟ್. ಆದರೆ ಅದಕ್ಕೆ ಮೊದಲು 'ಸಂಶೋಧನಾ ವಿಧಾನ' ಅನ್ನೋ ಪೇಪರ್ ಮುಗಿಸಿರಲೇಬೇಕು, ಇಲ್ಲದಿದ್ದರೆ ಪ್ರಾಜೆಕ್ಟಿಗೆ ಬಿಡುವುದಿಲ್ಲ ಅಂದ.

"ಅದೇನದು ಸಂಶೋಧನಾ ವಿಧಾನ?"

"ಆ ಕೋಣೆ ಹೋಗಿದ್ದರಿಂದ ಎಷ್ಟು ಜನಕ್ಕೆ ಕಷ್ಟ ಆಯ್ತು ಅಂತ ನೀವೇ ಊಹೆ ಮಾಡ್ಕೊಂಡು ಬರೆಯೋ ಹಾಗಿಲ್ಲ. ಹೋಗಿ ಅವರನ್ನೇ ಕೇಳಿ ಬರೀಬೇಕು. ಹೇಗೆ ಕೇಳ್ಬೇಕು ಅಂತ ಕಲಿಸ್ತಾರೆ." ಅದನ್ನೂ ನಾಲ್ಕನೇ ಸೆಮಿಸ್ಟರ್‌ನ ಒಂದು ಚೌಕದಲ್ಲಿ ಬರೆದು ಹಾಳೆ ಕೈಗಿತ್ತ.

ಮನೆಗೆ ತಂದು ಅಡುಗೆಮನೆ ಗೋಡೆಗೆ ಅಂಟಿಸಿದೆ. ಅತ್ತಿಗೆ ಸೌಟು ಹಿಡಿದುಕೊಂಡೇ ಬಂದು ಓದಿದಳು. "ಏನೇ ಇದು, ಮೂರು ವರ್ಷ ನಿನ್ನನ್ನ ಈ ಚೌಕಗಳಲ್ಲಿ ಕೂಡಿಹಾಕಿಬಿಟ್ಟಿದ್ದಾನೆ!"

ನಾನು ನೋಡುತ್ತಿದ್ದದ್ದು ಬೇರೆ. ಡಿಪೋದಲ್ಲಿ ನನ್ನ ಕೆಲಸ ಏನು ಗೊತ್ತಾ? ಇನ್ನೂರು ಜನ ಡ್ರೈವರ್‌ಗಳಿಗೆ ಡ್ಯೂಟಿ ಚಾರ್ಟ್ ಬರೆಯೋದು. ಎಂಟು ವರ್ಷದಿಂದ ಅದನ್ನೇ ಮಾಡಿ ಮಾಡಿ, ಚಾರ್ಟ್ ಅಂದರೆ ನನಗೆ ಅದರಲ್ಲಿ ಬರೆದದ್ದಕ್ಕಿಂತ ಬಿಟ್ಟದ್ದು ಮೊದಲು ಕಾಣುತ್ತದೆ. ಕೆಲಸದ ನಡುವೆ ತಾನಾಗಿ ಉಳಿಯೋ ಖಾಲಿ ಜಾಗ ಅಲ್ಲಿ ಇಲ್ಲಿ ಅಲೆಯುತ್ತಿರುತ್ತದೆ. ಬೇಕಂತಲೇ ಬಿಟ್ಟ ಖಾಲಿ ಮಾತ್ರ ಪ್ರತಿ ವಾರ ಒಂದೇ ಕಡೆ ಕೂತಿರುತ್ತದೆ. ನಮ್ಮ ಮೀಸೆ ಡ್ರೈವರಣ್ಣ ಎರಡು ವರ್ಷ ನನ್ನ ಕಾಡಿ ಬೇಡಿ, ನಾಲ್ಕೂ ಹತ್ತಕ್ಕೆ ಆಸ್ಪತ್ರೆ ಸ್ಟಾಪಿನಲ್ಲಿ ಹತ್ತು ನಿಮಿಷ ಖಾಲಿ ನಿಲ್ಲೋ ಟ್ರಿಪ್ಪೇ ಬೇಕು ಅನ್ನುತ್ತಿದ್ದ. ಅಲ್ಲಿ ಆ ಹೊತ್ತಿಗೆ ಒಬ್ಬಳು ನರ್ಸ್ ಡ್ಯೂಟಿ ಮುಗಿಸಿ ಬರುತ್ತಿದ್ದಳು. ಈಗ ಅವರಿಗೆ ಎರಡು ಮಕ್ಕಳು.

ನನ್ನ ಪ್ಲಾನಿನಲ್ಲಿ ಗುರುವಾರ ಹನ್ನೊಂದರಿಂದ ಹನ್ನೆರಡು ಖಾಲಿ. ಮೊದಲ ಸೆಮಿಸ್ಟರ್ ಖಾಲಿ. ಎರಡು, ಖಾಲಿ. ಮೂರು, ಖಾಲಿ. ನಾಲ್ಕರಲ್ಲಿ ಮಾತ್ರ ಸಂಶೋಧನಾ ವಿಧಾನ. ಐದು, ಆರು, ಮತ್ತೆ ಖಾಲಿ.

ಆಫೀಸಿನ ಕಿಟಕಿ ಪಕ್ಕ ಒಂದು ಬೋರ್ಡು ನೋಡಿದ್ದು ಥಟ್ಟನೆ ನೆನಪಾಯಿತು. 'ಗುರುವಾರ 11ರಿಂದ 12ರವರೆಗೆ ಕಿಟಕಿ ಮುಚ್ಚಿರುತ್ತದೆ.'

"ಯಾಕೆ ಒಬ್ಬಳೇ ನಗ್ತಿದ್ದೀಯ?" ಅಂದಳು ಅತ್ತಿಗೆ.

"ನಾನಾ? ನಗ್ತಿಲ್ಲಪ್ಪ," ಅಂದೆ. ಹಾಳುಮುಖ, ಕೈ ಅಡ್ಡ ಇಟ್ಟರೂ ಇಷ್ಟಗಲ ಆಗಿತ್ತು.

ಮೊದಲ ಗುರುವಾರ ಹನ್ನೊಂದಕ್ಕೆ ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಸಂವಿಧಾನದ ಪುಸ್ತಕ ತೆಗೆದು ಕೂತೆ. ಓದಲಿಕ್ಕೇ ಕೂತಿದ್ದು, ಆಣೆ ಬೇಕಾದರೂ ಇಡುತ್ತೇನೆ. ಐದು ನಿಮಿಷಕ್ಕೆ ಪೆನ್ಸಿಲ್ ಎರಡು ಕಪ್ ಟೀ ಹಿಡಿದುಕೊಂಡು ಬಂದ.

"ಅರೆ, ನೀವಿಲ್ಲಿ!" ಅಂದ. ನಟನೆ ಅವನಿಗೆ ಒಂಚೂರೂ ಬರುವುದಿಲ್ಲ.

"ಎರಡು ಕಪ್ ಯಾಕೆ?"

"ಒಂದು... ಚೆಲ್ಲಿಹೋದ್ರೆ ಅಂತ."

"ಮುಂದಾಲೋಚನೆ ಅಂದ್ರೆ ಇದು!" ಅಂದು ಕೈ ಚಾಚಿದೆ. ಕಪ್ ಕೊಡುವಾಗ ಅವನು ನನ್ನ ಮುಖ ನೋಡಲಿಲ್ಲ, ಕಪ್ಪನ್ನೇ ನೋಡಿದ. ಕೊಟ್ಟಾದ ಮೇಲೆ ನೋಡಿದ. ಆಗ ನಾನು ಪುಸ್ತಕ ನೋಡಿದೆ. ಇಬ್ಬರೂ ಸರದಿ ತಪ್ಪದ ಹಾಗೆ ನೋಡಿಕೊಂಡೆವು.

ಹಾಗೆ ಶುರುವಾಯಿತು. ಒಂದು ಸೆಮಿಸ್ಟರ್ ಪೂರ್ತಿ, ವಾರಕ್ಕೆ ಒಂದು ಗಂಟೆ. ಅವನ ಆಫೀಸಿಗೂ ಪಕ್ಕದ ಕ್ಲಾಸ್‌ರೂಮಿಗೂ ನಡುವೆ ಇರೋದು ಒಂದು ತೆಳು ಗೋಡೆ. ಹನ್ನೊಂದು ವರ್ಷ ಆ ಗೋಡೆಯಿಂದಾಚೆ ಬಂದ ಪಾಠ ಕೇಳಿ ಕೇಳಿ ಅವನಿಗೆ ಇಡೀ ಡಿಗ್ರಿ ಬಾಯಿಗೆ ಬಂದುಬಿಟ್ಟಿತ್ತು. ರಾಜಕೀಯ ಚಿಂತನೆಯ ಮೇಡಂ ಯಾವ ಪಾಠದಲ್ಲಿ ಎಷ್ಟನೇ ನಿಮಿಷಕ್ಕೆ ಕೆಮ್ಮುತ್ತಾರೆ, ಯಾವ ಜೋಕು ಹೇಳಿ ತಾವೇ ಮೊದಲು ನಗುತ್ತಾರೆ, ಎಲ್ಲಾ ಗೊತ್ತು.

"ಹಾಗಾದ್ರೆ ನೀವೇ ಪರೀಕ್ಷೆಗೆ ಕೂತ್ಕೋಬಹುದಲ್ಲ?" ಅಂದೆ ಒಂದು ದಿನ.

"ಗೋಡೆ ಕಡೆಯಿಂದ ಅಟೆಂಡೆನ್ಸ್ ಕೊಡಲ್ವಂತೆ."

ನಗು ತಡೆಯೋಕಾಗದೆ ಟೀ ನೆತ್ತಿಗೇರಿತು. ಅವನು ಗಾಬರಿಯಾಗಿ ನನ್ನ ಬೆನ್ನು ತಟ್ಟೋಕೆ ಕೈ ಎತ್ತಿದ, ತಟ್ಟಲೋ ಬೇಡವೋ ಅಂತ ಗಾಳಿಯಲ್ಲೇ ಹಿಡಿದುಕೊಂಡು ನಿಂತ. "ತಟ್ಟಿ ಮಾರಾಯ್ರೇ, ಸಾಯ್ತಿದ್ದೀನಿ," ಅಂದೆ. ಎರಡೇ ಎರಡು ಸಲ, ಹೂವು ಮುಟ್ಟಿದ ಹಾಗೆ ತಟ್ಟಿದ. ಆ ದಿನ ಡಿಪೋದಲ್ಲಿ ಒಂದೇ ಬಸ್ಸಿಗೆ ಇಬ್ಬರು ಡ್ರೈವರ್‌ಗಳನ್ನ ಹಾಕಿ ಬೈಸಿಕೊಂಡೆ.

ಹೇಳಿಬಿಡುತ್ತೇನೆ, ಮುಚ್ಚುಮರೆ ಯಾಕೆ? ವಾರ ಅನ್ನೋದು ನನಗೆ ಶುಕ್ರವಾರದಿಂದ ಶುರುವಾಗಿ ಗುರುವಾರಕ್ಕೆ ಮುಗಿಯುತ್ತಿತ್ತು. ಅವನು ನನಗೆ ಬೇಕಾಗಿದ್ದ. ಅಷ್ಟೇ ವಿಷಯ.

ಎರಡನೇ ಸೆಮಿಸ್ಟರ್ ಶುರುವಾದ ಮೊದಲ ಬುಧವಾರ. ಕ್ಲಾಸ್ ಮುಗಿಸಿ ಬಸ್ಸಿಗೆ ಓಡುತ್ತಿದ್ದವಳು ನೋಟಿಸ್ ಬೋರ್ಡ್ ಮುಂದೆ ನಿಂತೆ. ಎಲ್ಲಿ ನೋಟಿಸ್ ಕಂಡರೂ ಓದೋ ಚಟ ನನಗೆ.

'ಸಂಶೋಧನಾ ವಿಧಾನ: ಗುರುವಾರ 11 ಗಂಟೆಗೆ. ಈ ಪತ್ರಿಕೆಯನ್ನು ಎರಡು ವರ್ಷಕ್ಕೊಮ್ಮೆ ಮಾತ್ರ ಬೋಧಿಸಲಾಗುವುದು. ಪ್ಲಾನ್ ಬದಲಾವಣೆಗೆ ಶುಕ್ರವಾರ ಕೊನೆಯ ದಿನ.'

ಎರಡು ಸಲ ಓದಿದೆ. ಬೆರಳು ಮಡಚಿ ಲೆಕ್ಕ ಹಾಕಿದೆ. ಈ ಸೆಮಿಸ್ಟರ್ ಬಿಟ್ಟರೆ ಮತ್ತೆ ಬರೋದು ಆರನೇ ಸೆಮಿಸ್ಟರ್. ಅದು ಮುಗಿಯದೆ ಪ್ರಾಜೆಕ್ಟ್ ಇಲ್ಲ. ಅಂದರೆ ಪ್ರಾಜೆಕ್ಟ್ ನಾಲ್ಕನೇ ವರ್ಷಕ್ಕೆ. ನನ್ನ ಪ್ಲಾನಿನಲ್ಲಿ ಆ ಪೇಪರ್ ಇದ್ದದ್ದು ನಾಲ್ಕನೇ ಸೆಮಿಸ್ಟರ್‌ನಲ್ಲಿ, ಅದು ನಡೆಯದೇ ಇರೋ ವರ್ಷದಲ್ಲಿ.

ನಾಲ್ಕನೇ ವರ್ಷ ಅಂದರೆ ಶಿಫ್ಟ್ ಇಲ್ಲ, ಓದೂ ಇಲ್ಲ. ಆಮೇಲೆ ಅಂಗಾಲಿಂದ ನೆತ್ತಿವರೆಗೆ ಉರಿ ಹತ್ತಿತು. ಸೀದಾ ಆಫೀಸಿಗೆ ನುಗ್ಗಿ ಬ್ಯಾಗಿನಲ್ಲಿದ್ದ ಪ್ಲಾನಿನ ಕಾಪಿ ತೆಗೆದು ಅವನ ಟೇಬಲ್ಲಿನ ಮೇಲೆ ಹಾಕಿದೆ.

"ಮಿಕ್ಕವರೆಲ್ಲಾ ಸಂಶೋಧನಾ ವಿಧಾನ ಯಾವಾಗ ತಗೋತಾರೆ?"

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. "ಎರಡನೇ ಸೆಮಿಸ್ಟರ್‌ನಲ್ಲಿ. ಇವತ್ತು ನೋಟಿಸ್ ಟೈಪ್ ಮಾಡ್ತಿದ್ದಾಗ ನನಗೂ..."

"ನನ್ನದು ಮಾತ್ರ ನಾಲ್ಕಕ್ಕೆ ಯಾಕೆ ಹೋಯ್ತು?"

ಅವನು ಹಾಳೆಯ ಗುರುವಾರದ ಚೌಕದ ಮೇಲೆ ಬೆರಳಿಟ್ಟ.

"ಬೇಕಂತಲೇ ಮಾಡಿದ್ರಾ?"

"ಗಂಟೆ ಬೇಕಂತಲೇ," ಅಂದ. ಧ್ವನಿ ಎಲ್ಲೋ ಬಾವಿಯಿಂದ ಬಂದ ಹಾಗಿತ್ತು. "ತಪ್ಪು ಬೇಕಂತ ಅಲ್ಲ. ಮೊದಲ ವರ್ಷವೇ ಆ ಗಂಟೆ ಹೋಗ್ಬಿಟ್ರೆ ನಿಮ್ಮ ಹತ್ರ ಮಾತಾಡೋಕೆ ಯಾವಾಗ ಆಗುತ್ತೆ ಅನ್ನಿಸ್ತು. ನಾಲ್ಕನೇ ಸೆಮಿಸ್ಟರ್ ಹೊತ್ತಿಗೆ ನೀವು ನನ್ನನ್ನ ಸಹಿಸ್ಕೋತೀರೋ ಇಲ್ವೋ ಗೊತ್ತಾಗಿರುತ್ತೆ ಅಂತ ಅಲ್ಲಿಗೆ ಹಾಕಿದೆ. ಎರಡು ವರ್ಷಕ್ಕೊಂದ್ಸಲ ಅನ್ನೋ ರೂಲು ನಾನೇ ನೂರು ಜನಕ್ಕೆ ಹೇಳಿದ್ದೀನಿ. ಆ ನೂರು ಜನರ ಪ್ಲಾನಲ್ಲೂ ತಪ್ಪಾಗಿಲ್ಲ. ನಿಮ್ಮದು ಬರೆಯುವಾಗ ಮಾತ್ರ ತಲೇಲಿ ಗುರುವಾರ ಬಿಟ್ರೆ ಇನ್ನೇನೂ ಇರ್ಲಿಲ್ಲ."

ಬೇರೆ ಯಾವಾಗಲಾದರೂ ಆ ಮಾತು ಕೇಳಿದ್ದರೆ ಅಲ್ಲೇ ಕರಗಿ ನೀರಾಗುತ್ತಿದ್ದೆನೋ ಏನೋ.

"ನನ್ನ ಮೂರು ವರ್ಷ ರೀ ಇದು! ನಮ್ಮನ್ನ ಒಂದು ಮಾತು ಕೇಳದೆ ಕೋಣೆ ತಗೊಂಡ್ರು ಅಂತ ತಾನೇ ನಾನು ಇಲ್ಲಿಗೆ ಬಂದಿದ್ದು? ಅದನ್ನ ಮೊದಲು ಹೇಳಿದ್ದೇ ನಿಮಗೆ. ನೀವೂ ಅದೇ ಮಾಡಿದ್ರಲ್ಲ. ಕಮಿಟಿಗೂ ನಿಮಗೂ ಏನು ವ್ಯತ್ಯಾಸ?"

ಉತ್ತರಕ್ಕೆ ನಿಲ್ಲಲಿಲ್ಲ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಡಿಪೋವರೆಗೂ ಅತ್ತೆ.

ಮರುದಿನ ಗುರುವಾರ. ಹನ್ನೊಂದಕ್ಕೆ ಬೆಂಚಿನ ಕಡೆ ಹೋಗಲಿಲ್ಲ, ಲೈಬ್ರರಿಯಲ್ಲಿ ಕೂತೆ. ಕೂತ ಜಾಗದಿಂದ ಕಾರಿಡಾರು ಕಾಣುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವನು ಬಂದ. ಎರಡು ಕಪ್ ಇತ್ತು. ಬೆಂಚಿನ ಒಂದು ತುದಿಯಲ್ಲಿ ಕೂತು, ಇನ್ನೊಂದು ತುದಿಯಲ್ಲಿ ಒಂದು ಕಪ್ ಇಟ್ಟ. ಹನ್ನೆರಡಕ್ಕೆ ಎದ್ದು ಎರಡನ್ನೂ ಹಾಗೇ ತೆಗೆದುಕೊಂಡು ಹೋದ. ತನ್ನದನ್ನೂ ಕುಡಿದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅತ್ತಿಗೆ ಬೀನ್ಸ್ ಮುರಿಯುತ್ತಾ ಎಲ್ಲಾ ಬಿಡಿಸಿ ಬಿಡಿಸಿ ಕೇಳಿದಳು. ಮುಗಿದ ಮೇಲೆ ಗೋಡೆಯ ಹಾಳೆ ಕಡೆ ನೋಡಿ, "ಆ ಖಾಲಿ ಚೌಕ ನಿನಗೆ ಕಂಡಿದ್ದು ಯಾವಾಗ?" ಅಂದಳು.

"ಅವತ್ತೇ. ಅಂಟಿಸಿದ ದಿನ."

"ಯಾಕೆ ಬಿಟ್ಟಿದ್ದೀಯಪ್ಪಾ ಅಂತ ಅವನ್ನ ಕೇಳಿದ್ಯಾ?"

ನಾನು ಒಂದು ಬೀನ್ಸ್ ತೆಗೆದು ಸುಮ್ಮನೆ ಮುರಿದೆ.

"ಕೇಳಿದ್ರೆ ಅವತ್ತೇ ಈ ತಪ್ಪು ಸಿಕ್ಕಿರೋದು. ಅವನು ಕೇಳದೆ ಇಟ್ಟ, ನೀನು ಕೇಳದೆ ಇಟ್ಕೊಂಡೆ. ಈಗ ಅವನೊಬ್ಬನಿಗೇ ಮಂಗಳಾರತಿ ಎತ್ತಿ ಬಂದಿದ್ದೀಯ." ಆಮೇಲೆ ನನ್ನ ಗಲ್ಲ ಹಿಡಿದು, "ಬಾಗಿಲು ತೆಗೆದಿರೋವಾಗಲೇ ಹೋಗು. ಇವತ್ತು ಕೊನೇ ದಿನ ಅಲ್ವಾ?" ಅಂದಳು.

ಕಿಟಕಿಗೆ ಅವತ್ತೂ ಕ್ಯೂ. ನಿಂತೆ. ನನ್ನ ಸರದಿ ಬಂದಾಗ ಪೆನ್ಸಿಲ್ ತಲೆ ಎತ್ತಿದ. ಎರಡು ದಿನ ಊಟ ಬಿಟ್ಟವನ ಹಾಗಿದ್ದ. ಡ್ರಾಯರಿನಿಂದ ಒಂದು ಹೊಸ ಹಾಳೆ ತೆಗೆದು ನನ್ನ ಮುಂದಿಟ್ಟ. ಆರು ಪಟ್ಟಿ, ಎಲ್ಲಾ ಚೌಕ ಖಾಲಿ. ಅದರ ಮೇಲೆ ಆಗ ತಾನೇ ಚೂಪು ಮಾಡಿದ ಒಂದು ಪೆನ್ಸಿಲ್.

"ನಾನು ಏನೂ ಬರೆದಿಲ್ಲ," ಅಂದ. "ಯಾವ ಯಾವ ಪೇಪರ್ ಯಾವಾಗ ಇರುತ್ತೆ ಅನ್ನೋ ಪಟ್ಟಿ ಪಕ್ಕದಲ್ಲಿದೆ. ನೀವೇ ಬರೀರಿ. ಕೇಳಿದ್ರೆ ಹೇಳ್ತೀನಿ."

ಒಳಗೆ ಹೋಗಿ ಕೂತು ಬರೆದೆ. ಎರಡನೇ ಸೆಮಿಸ್ಟರ್, ಗುರುವಾರ, ಹನ್ನೊಂದು ಗಂಟೆ: ಸಂಶೋಧನಾ ವಿಧಾನ. ಬರೆಯುತ್ತಿದ್ದಾಗ ಅವನ ಕಣ್ಣು ನನ್ನ ಕೈ ಮೇಲೇ ಇತ್ತು. ಅವನ ಗಂಟೆ ನನ್ನ ಬೆರಳಿನಡಿಯಲ್ಲೇ ಮುಚ್ಚಿಹೋಗುತ್ತಿತ್ತು. ಅವನು ತಡೆಯಲಿಲ್ಲ.

ಮೂರು ವರ್ಷಕ್ಕೆ ಎಲ್ಲಾ ಸರಿಯಾಗಿ ಕೂತಿತು. ಒಂದೊಂದೇ ಚೌಕ ನೋಡಿ ಅವನೂ ತಲೆಯಾಡಿಸಿದ. "ಈಗ ತಪ್ಪಿಲ್ಲ. ನಾಲ್ಕನೇ ವರ್ಷ ಬರಲ್ಲ." ಆಮೇಲೆ, "ನೀವು ಹೇಳಿದ್ದು ನಿಜ. ನಾನೂ ಒಂದು ಕಮಿಟಿನೇ. ಒಬ್ಬನೇ ಮೆಂಬರು."

"ಒಬ್ಬರಲ್ಲ, ಇಬ್ಬರು," ಅಂದೆ. "ಆ ಚೌಕ ನನಗೆ ಮೊದಲ ದಿನವೇ ಕಂಡಿತ್ತು. ಯಾಕೆ ಬಿಟ್ಟಿದ್ದೀರಿ ಅಂತಾನೂ ಗೊತ್ತಾಗಿತ್ತು. ಕೇಳಿದ್ರೆ ನೀವು ತುಂಬಿಸಿಬಿಡ್ತೀರಿ ಅಂತ ಭಯ. ಅದಕ್ಕೇ ಕಂಡೂ ಕಾಣದ ಹಾಗಿದ್ದೆ."

ಅವನು ನನ್ನನ್ನೇ ನೋಡಿದ. ಈ ಸಲ ಸರದಿ ಲೆಕ್ಕ ಇಬ್ಬರೂ ಮರೆತೆವು.

"ಗುರುವಾರ ಹೋಯ್ತಲ್ಲ," ಅಂದ ಕೊನೆಗೆ.

"ವಾರಕ್ಕೆ ಅದೊಂದೇ ದಿನಾನಾ? ಕೇಳಿ."

"ಏನು ಕೇಳ್ಲಿ?"

"ಅವತ್ತು ಕೇಳದೆ ಬರೆದ್ರಲ್ಲ, ಅದನ್ನೇ ಈಗ ಬಾಯಿಬಿಟ್ಟು ಕೇಳಿ."

ಕಿವಿ ಮತ್ತೆ ಕೆಂಪು. ಕಿವಿ ಮೇಲಿನ ಪೆನ್ಸಿಲ್ ತೆಗೆದ, ಮತ್ತೆ ಅಲ್ಲೇ ಇಟ್ಟ. "ವಾರದಲ್ಲಿ ನಿಮ್ಮ ಒಂದು ಗಂಟೆ... ನನಗೆ ಕೊಡ್ತೀರಾ?"

"ಒಂದೇ ಗಂಟೆ ಸಾಕಾ?"

ಕಿಟಕಿಯ ಆಚೆಯಿಂದ ಇಡೀ ಕ್ಯೂ ಉಸಿರು ಬಿಗಿಹಿಡಿದು ಒಳಗೆ ಇಣುಕುತ್ತಿತ್ತು. ಎಲ್ಲರಿಗಿಂತ ಮುಂದೆ ನಿಂತಿದ್ದವಳು ನನ್ನನ್ನ ಆಂಟಿ ಅಂದಿದ್ದ ಅದೇ ಹುಡುಗಿ. "ಸರ್, ಸಾಲಲ್ಲ ಅನ್ನಿ ಸರ್! ಬೇಗ ಅನ್ನಿ, ನಂಗೂ ಹನ್ನೊಂದಕ್ಕೆ ಕ್ಲಾಸಿದೆ!" ಅಂದಳು.

"ಸಾಲಲ್ಲ," ಅಂದ ಪೆನ್ಸಿಲ್. ಸ್ಪಷ್ಟವಾಗಿ, ಎಲ್ಲರಿಗೂ ಕೇಳೋ ಹಾಗೆ. "ನಿಮ್ಮ ಜೊತೆ ಇರಬೇಕು ನನಗೆ. ಎಷ್ಟು ಹೊತ್ತು ಅಂತ ನೀವೇ ಹೇಳಿ."

"ನಿಮ್ಮ ವಾರದ ರಜೆ ಯಾವತ್ತು?"

"ಭಾನುವಾರ."

"ನಂದು ಸೋಮವಾರ." ಇಬ್ಬರೂ ಮುಖ ಮುಖ ನೋಡಿಕೊಂಡೆವು. ಇನ್ನೂರು ಜನರ ಚಾರ್ಟ್ ಹೊಂದಿಸೋಳು ನಾನು, ಇಡೀ ವಿಭಾಗದ ಟೈಮ್‌ಟೇಬಲ್ ಹೊಂದಿಸೋನು ಅವನು, ನಮ್ಮಿಬ್ಬರದೇ ಹೊಂದುತ್ತಿರಲಿಲ್ಲ. ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. "ಇರಿ, ನೋಡ್ತೀನಿ," ಅಂದು ಎದ್ದೆ.

ಡಿಪೋದಲ್ಲಿ ಚಾರ್ಟ್ ಬರೆಯೋಳು ನಾನೇ ಆದರೂ ಎಂಟು ವರ್ಷದಲ್ಲಿ ನನಗೋಸ್ಕರ ಅಂತ ಅದರಲ್ಲಿ ಒಂದು ಚೌಕ ಕದಲಿಸಿಲ್ಲ. ಅವತ್ತೂ ಕದಲಿಸಲಿಲ್ಲ. ಭಾನುವಾರ ರಜೆ ಇದ್ದ ನನ್ನ ಜೊತೆಯ ಕ್ಲರ್ಕ್ ಅಕ್ಕನನ್ನ ಕೇಳಿದೆ. ಸೋಮವಾರ ಆದರೆ ಮಗಳ ಮನೆಗೆ ಹೋಗಿಬರಬಹುದು ಅಂತ ಅವರು ಖುಷಿಯಿಂದ ಒಪ್ಪಿದರು. ಆಮೇಲೆ ವಾರದ ರಜೆ ಬದಲಾವಣೆಯ ಅರ್ಜಿ ಬರೆದು ಮ್ಯಾನೇಜರ್ ಸಾಹೇಬರ ಮುಂದಿಟ್ಟೆ. ಅಲ್ಲಿ ಯಾವುದಕ್ಕೋ ಸಹಿ ಹಾಕಿಸಲು ಬಂದಿದ್ದ ಮೀಸೆ ಡ್ರೈವರಣ್ಣ ಅರ್ಜಿ ಕಡೆ ಕತ್ತು ಉದ್ದ ಮಾಡಿ ನೋಡಿ, ಮೀಸೆಯೊಳಗೇ ನಕ್ಕ.

"ಕಾರಣ ಅನ್ನೋ ಕಡೆ ಏನೂ ಬರೆದಿಲ್ವಲ್ಲಮ್ಮ?" ಅಂದರು ಸಾಹೇಬರು.

ಅರ್ಜಿ ವಾಪಸ್ ಇಸಿದುಕೊಂಡೆ. ಒಂದು ಕ್ಷಣ ಯೋಚಿಸಿ, ಇದ್ದದ್ದನ್ನ ಇದ್ದ ಹಾಗೆ ಬರೆದೆ: 'ನನ್ನನ್ನು ಒಬ್ಬರು ಕೇಳಿದ್ದಾರೆ.'

ಸಾಹೇಬರು ಓದಿದರು. ಕನ್ನಡಕ ಮೇಲಕ್ಕೆ ಸರಿಸಿ ನನ್ನ ಮುಖ ನೋಡಿದರು. ಆಮೇಲೆ ಸಹಿ ಹಾಕಿದರು, ಪೆನ್ನಿನಲ್ಲಿ.